ಗಂಗಾವತಿಯ ತಂತಿ, ಜಾಲಹಳ್ಳಿಯ ವಾಲ್ವು

ಹಳೆಯ ವಾಲ್ವ್ ಗಿಟಾರ್ ಆಂಪ್ಲಿಫೈಯರಿನ ಪಡಿಯಚ್ಚು ಮಾಡುವವರಲ್ಲಿ ಎರಡು ಪಂಗಡ. ಮೊದಲ ಪಂಗಡದವರಿಗೆ ಮೊಳೆಯೂ ಆ ಕಾಲದ್ದೇ ಆಗಬೇಕು. ಕೆಪಾಸಿಟರು ಒಂದು ದೇಶದಿಂದ, ಟ್ರಾನ್ಸ್‌ಫಾರ್ಮರು ಇನ್ನೊಂದು ದೇಶದಿಂದ ತರಿಸಿ, ಕಸ್ಟಮ್ಸ್ ಸುಂಕ ಕಟ್ಟಿ, ಪೆಟ್ಟಿಗೆಗೆ ಹೊದಿಸುವ ರೆಕ್ಸಿನ್ನಿನ ಬಣ್ಣ ಹೊಂದಲಿಲ್ಲವೆಂದು ಮರುಗುವ ಜನ. ಎರಡನೆಯವರು ಸರ್ಕ್ಯೂಟಿನ ನಕ್ಷೆಗೆ ಮಾತ್ರ ನಿಷ್ಠರು. ಉಳಿದದ್ದು ಊರಲ್ಲಿ ಸಿಕ್ಕಿದ್ದು. ನನ್ನ ಓಟು ಇವರಿಗೆ. ನನ್ನ ಪರ ಸಾಕ್ಷಿ ಹೇಳಲು ಕರೆಯುವುದು ಬೇರೆ ಯಾರನ್ನೂ ಅಲ್ಲ, ಮಾರ್ಷಲ್ ಕಂಪನಿಯನ್ನೇ.

1962ರಲ್ಲಿ ಜಿಮ್ ಮಾರ್ಷಲ್‌ಗೆ ಪಶ್ಚಿಮ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಒಂದು ವಾದ್ಯಗಳ ಅಂಗಡಿ ಇತ್ತು, ಅಷ್ಟೆ. ಅಮೆರಿಕದ ಫೆಂಡರ್ ಬೇಸ್‌ಮನ್ ಆಂಪ್ಲಿಫೈಯರ್ ಬೇಕೆಂದು ಹುಡುಗರು ಕೇಳುತ್ತಿದ್ದರು. ಅಲ್ಲಿಂದ ತರಿಸಿದರೆ ಕೈಗೆಟುಕದ ಬೆಲೆ. ಅಂಗಡಿಯ ರಿಪೇರಿ ಕೆಲಸದ ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಆ ಬೇಸ್‌ಮನ್‌ನ 5ಎಫ್6-ಎ ಸರ್ಕ್ಯೂಟನ್ನು ಹೆಚ್ಚುಕಡಿಮೆ ಇದ್ದಂತೆಯೇ ಎತ್ತಿಕೊಂಡರು. ಮೊದಲ ಸ್ಥಾನದ 12ಎವೈ7 ವಾಲ್ವಿನ ಬದಲು ಹೆಚ್ಚು ಗೇನ್ ಇರುವ ಇಸಿಸಿ83 ಬಂತು, ಜೆನ್ಸನ್ ಸ್ಪೀಕರಿನ ಜಾಗಕ್ಕೆ ಸೆಲೆಶ್ಚನ್ ಬಂತು, ಟ್ರಾನ್ಸ್‌ಫಾರ್ಮರು ಇಂಗ್ಲೆಂಡಿನದೇ ಆಯಿತು. ಹಾಗೆ ಹುಟ್ಟಿದ ಜೆಟಿಎಂ45 ಬೇಸ್‌ಮನ್‌ನಂತೆ ಕೇಳಿಸಲಿಲ್ಲ. ಅದರದ್ದೇ ಒಂದು ಗಂಟಲು ಬಂತು. ಇವತ್ತು ಜಗತ್ತು ಆ ನಕಲನ್ನೇ ನಕಲು ಮಾಡುತ್ತಿದೆ.

ಹಾಗಾದರೆ ಕೊಪ್ಪಳ ಜಿಲ್ಲೆಯಲ್ಲಿ ಕೂತವನು ಯಾವುದನ್ನು ಕಟ್ಟಬೇಕು? ಫೆಂಡರ್ ಬೇಡ ಎನ್ನುತ್ತೇನೆ. ಅದು 117 ವೋಲ್ಟ್, 60 ಹರ್ಟ್ಸ್ ಕರೆಂಟಿಗೆ ಹುಟ್ಟಿದ ಕೂಸು. ವೋಲ್ಟೇಜ್ ಇಳಿಸಿ ಕೊಟ್ಟರೂ ಫ್ರೀಕ್ವೆನ್ಸಿ ನಮ್ಮ 50 ಹರ್ಟ್ಸೇ ಇರುತ್ತದೆ, ಆಗ ಟ್ರಾನ್ಸ್‌ಫಾರ್ಮರಿನ ಅದೇ ಕಬ್ಬಿಣ ಐದರಲ್ಲೊಂದು ಪಾಲು ಹೆಚ್ಚಿನ ಹೊರೆ ಹೊತ್ತು ಕಾಯುತ್ತದೆ. ಬ್ರಿಟನ್ನಿನ ಕರೆಂಟು ಫ್ರೀಕ್ವೆನ್ಸಿಯಲ್ಲಿ ನಮ್ಮದೇ, ವೋಲ್ಟೇಜಿನಲ್ಲೂ ಹತ್ತಿರ. ಅದಕ್ಕೇ ನನ್ನ ಆಯ್ಕೆ 1960ರ ದಶಕದ ನಡುವೆ ಬಂದ ಮಾರ್ಷಲ್ 1974, ಪ್ರೀತಿಯಿಂದ ಎಲ್ಲರೂ ‘18 ವ್ಯಾಟ್’ ಎನ್ನುವ ಮಾಡೆಲ್. (1974 ಮಾಡೆಲ್ ನಂಬರ್, ಇಸವಿಯಲ್ಲ.) ಎರಡು ಇಎಲ್84, ಮೂರು ಇಸಿಸಿ83, ಒಂದು ಇಝಡ್81 ರೆಕ್ಟಿಫೈಯರ್, 12 ಇಂಚಿನ ಒಂದು ಸ್ಪೀಕರ್. ಇದೂ ವಾಟ್ಕಿನ್ಸ್ ಡಾಮಿನೇಟರ್ ಎಂಬ ಇನ್ನೊಂದು ಬ್ರಿಟಿಷ್ ಆಂಪ್ಲಿಫೈಯರಿನ ಹತ್ತಿರದ ನೆಂಟ. ಇಲ್ಲಿ ಮಡಿ ಹುಡುಕಹೋದವರಿಗೆ ಏನೂ ಸಿಗುವುದಿಲ್ಲ.

ಇಎಲ್84 ಅಂದರೆ ಕನ್ನಡಿಗರು ಸ್ವಲ್ಪ ಎದೆ ಉಬ್ಬಿಸಬಹುದು. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಗೆ ಇಳಿಯಿತು. ಮರುವರ್ಷವೇ ಅಲ್ಲಿ ಜರ್ಮೇನಿಯಂ ಸೆಮಿಕಂಡಕ್ಟರುಗಳೂ ಹೊರಬಂದವು. ಹಾಗೆ ನೋಡಿದರೆ ವಾಲ್ವಿನ ತೊಟ್ಟಿಲೂ ಚಟ್ಟವೂ ಒಂದೇ ಕಾರ್ಖಾನೆಯಲ್ಲಿ, ಒಂದು ವರ್ಷದ ಅಂತರದಲ್ಲಿ ಸಿದ್ಧವಾದವು. ಆದರೂ ಬಿಇಎಲ್ ಮುದ್ರೆಯ ಇಎಲ್84 ನಮ್ಮ ರೇಡಿಯೊಗಳಲ್ಲಿ ಬಹುಕಾಲ ಬಾಳಿತು. ಇವತ್ತು ಹೊರದೇಶದ ಆಂಪ್ಲಿಫೈಯರ್ ಹುಚ್ಚರೂ ಅದನ್ನು ಹೆಸರಿಟ್ಟು ಕೇಳುತ್ತಾರೆ. ಬೆಂಗಳೂರಿನ ಸಂಡೇ ಬಜಾರಿನಲ್ಲೋ, ಅಂಗಡಿ ಮುಚ್ಚಿದ ರೇಡಿಯೊ ಮೆಕ್ಯಾನಿಕ್ಕಿನ ಅಟ್ಟದಲ್ಲೋ ಸಿಕ್ಕರೆ ಮೊದಲು ಗಾಜಿನ ತಲೆ ನೋಡಿ. ಒಳಗೆ ಬಳಿದ ಪದರ ಬೆಳ್ಳಿಯಂತೆ ಹೊಳೆಯುತ್ತಿದ್ದರೆ ಜೀವ ಇರಬಹುದು. ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಚೌಕಾಸಿಯೂ ಬೇಡ. ಮಲ್ಟಿಮೀಟರನ್ನು 4 ಮತ್ತು 5ನೇ ಪಿನ್ನಿಗೆ ಹಿಡಿದರೆ ಹೀಟರ್ ಉಳಿದಿದೆಯೋ ಇಲ್ಲವೋ ಗೊತ್ತಾಗುತ್ತದೆ.

ವಾಲ್ವು ಹೇಗೋ ಸಿಗುತ್ತದೆ. ಕಷ್ಟದ್ದು ಔಟ್‌ಪುಟ್ ಟ್ರಾನ್ಸ್‌ಫಾರ್ಮರು, ಮತ್ತು ಈ ಸೀಮೆಯ ನಿಜವಾದ ಬಲ ಇರುವುದೂ ಅಲ್ಲೇ. ಗಂಗಾವತಿಯಂಥ ಭತ್ತದ ಊರಿನಲ್ಲಿ, ಪಂಪ್‌ಸೆಟ್ಟುಗಳ ನಡುವೆ, ಮೋಟಾರ್ ರಿವೈಂಡಿಂಗ್ ಅಂಗಡಿಗೆ ಬರವೇ? ಸುಟ್ಟ ಮೋಟಾರಿನ ಸುತ್ತು ಎಣಿಸಿ ಸಂಜೆಯೊಳಗೆ ಹೊಸದು ಸುತ್ತಿಕೊಡುವ ಕೈಗಳವು. ಅಂಥ ಒಬ್ಬ ಮೇಸ್ತ್ರಿಯ ಮುಂದೆ ನಕ್ಷೆ ಹಾಸಿದಾಗ ಅವರು ಅತ್ತಿತ್ತ ತಿರುವಿ ನೋಡಿ ಕೇಳಿದ್ದು ಇಷ್ಟೇ: “ಸರ, ಇದರಾಗ ತಿರುಗೂದು ಏನೈತ್ರಿ?” ತಿರುಗುವುದು ಏನೂ ಇಲ್ಲ. ವಾಲ್ವುಗಳು ಹೆಚ್ಚು ವೋಲ್ಟೇಜಿನಲ್ಲಿ ಕೊಡುವ ಚೂರು ಕರೆಂಟನ್ನು ಸ್ಪೀಕರಿಗೆ ಒಗ್ಗುವ ಕಡಿಮೆ ವೋಲ್ಟೇಜಿನ ದೊಡ್ಡ ಕರೆಂಟಾಗಿ ಬದಲಿಸುವುದು ಇದರ ಕೆಲಸ. ವಾಲ್ವುಗಳ ಕಡೆ 8,000 ಓಮ್, ಸ್ಪೀಕರ್ ಕಡೆ 8 ಓಮ್. ಸಾವಿರದ ವರ್ಗಮೂಲ ತೆಗೆದರೆ ಅಲ್ಲಿ 32 ಸುತ್ತಿಗೆ ಇಲ್ಲಿ ಒಂದು.

ಲೆಕ್ಕ ಸುಲಭ, ಕೈಗೆಲಸ ಅಲ್ಲ. ವಾಲ್ವುಗಳ ಕಡೆಯ ಒಳಸುರುಳಿಗೆ 38 ಗೇಜಿನ ಆಸುಪಾಸಿನ ತಂತಿ ಬೇಕು, 0.15 ಮಿಲಿಮೀಟರ್, ಕೊಪ್ಪಳದ ಭಾಗ್ಯನಗರದ ಕೂದಲು ವ್ಯಾಪಾರಿಗಳು ಮುಟ್ಟಿ ನೋಡಿ ‘ಎರಡೆಳೆ’ ಅಂದಾರು. ಮೋಟಾರಿನ ದಪ್ಪ ತಂತಿಗೆ ಪಳಗಿದ ಬೆರಳು ಮೊದಲಿಗೆ ಇದನ್ನು ಹರಿಯುತ್ತದೆ. ಅಷ್ಟೂ ಸುತ್ತು ಒಟ್ಟಿಗೆ ಹಾಕಿ ಮೇಲೆ ಸ್ಪೀಕರ್ ಸುರುಳಿ ಸುತ್ತಿದರೆ ತಾರಸ್ಥಾಯಿ ಸತ್ತುಹೋಗುತ್ತದೆ. ಒಳಸುರುಳಿಯನ್ನು ಭಾಗ ಮಾಡಿ, ನಡುನಡುವೆ ಹೊರಸುರುಳಿಯ ಪದರ ಕೂರಿಸಬೇಕು, ಪದರಕ್ಕೊಂದು ಇನ್ಸುಲೇಷನ್ ಹಾಳೆ. ಎರಡು ವಾಲ್ವುಗಳ ಪಾಲಿನ ಸುತ್ತೂ ಸಮ ಇರಬೇಕು. ಇದನ್ನು ಒಮ್ಮೆ ಬಿಡಿಸಿ ಹೇಳಿದರೆ ರಿವೈಂಡಿಂಗ್ ಮೇಸ್ತ್ರಿ ಎಂಜಿನಿಯರಿಗಿಂತ ಬೇಗ ಹಿಡಿಯುತ್ತಾರೆ, ಪದರ ಕೂರಿಸುವ ಶಿಸ್ತು ಅವರಿಗೆ ಹುಟ್ಟುಗುಣ. ಆ ಟ್ರಾನ್ಸ್‌ಫಾರ್ಮರು ಲಂಡನ್ನಿನದಕ್ಕಿಂತ ಬೇರೆಯಾಗಿ ಹಾಡುತ್ತದೆ. ಹಾಡಲಿ. ಹ್ಯಾನ್‌ವೆಲ್‌ನಲ್ಲಿ ಆದದ್ದೂ ಇದೇ ತಾನೆ?

ನಾನು ರಾಜಿ ಆಗದ ಜಾಗ ಒಂದಿದೆ, ರೆಕ್ಟಿಫೈಯರ್. ನೋಡಿದವರೆಲ್ಲ ಬುದ್ಧಿ ಹೇಳುತ್ತಾರೆ, ಇಝಡ್81 ಯಾಕೆ, ಪುಡಿಗಾಸಿನ ಡಯೋಡ್ ಹಾಕಿ, ಫಿಲ್ಟರ್ ಕೆಪಾಸಿಟರು ನೂರು ಮೈಕ್ರೊಫ್ಯಾರಡ್‌ಗೆ ಏರಿಸಿ, ಗೂಂ ಎನ್ನುವ ಸದ್ದು ಹೋಗುತ್ತದೆ. ಹೋಗುತ್ತದೆ, ಜೊತೆಗೆ ಆಂಪ್ಲಿಫೈಯರೂ ಹೋಗುತ್ತದೆ. ತಂತಿಯನ್ನು ಜೋರಾಗಿ ಮೀಟಿದಾಗ ವಾಲ್ವುಗಳು ಒಮ್ಮೆಲೇ ಹೆಚ್ಚು ಕರೆಂಟು ಎಳೆಯುತ್ತವೆ. ಇಝಡ್81 ಅಷ್ಟನ್ನು ತಡೆಯಿಲ್ಲದೆ ಕೊಡಲಾರದು, ವೋಲ್ಟೇಜ್ ಕುಸಿದು ಮತ್ತೆ ಏರುತ್ತದೆ. ಆ ಕುಸಿತ ಕಿವಿಗೆ ದನಿ ಕುಗ್ಗಿ ಅರಳಿದಂತೆ ಕೇಳುತ್ತದೆ. ಇದು ಆ ಕಾಲದ ಮಿತಿ. ಗಿಟಾರಿಗರು ಅದಕ್ಕೇ ಒಲಿದರು. ಅಲ್ಲದೆ ಡಯೋಡ್ ಹಾಕಿದರೆ ವೋಲ್ಟೇಜ್ ಏರುತ್ತದೆ. ಇಎಲ್84ರ ಡೇಟಾಶೀಟ್ 300 ವೋಲ್ಟಿಗೆ ಗೆರೆ ಎಳೆದಿದೆ. ಇಝಡ್81ಕ್ಕೂ 50 ಮೈಕ್ರೊಫ್ಯಾರಡ್‌ಗಿಂತ ದೊಡ್ಡ ಕೆಪಾಸಿಟರು ಕಟ್ಟಬಾರದೆಂದು ತಯಾರಕರೇ ಬರೆದಿದ್ದಾರೆ. ಯಲಬುರ್ಗಾ ಕಡೆಯ ಹಳ್ಳಿ ಲೈನಿನಲ್ಲಿ ವೋಲ್ಟೇಜ್ ಮೊದಲೇ ಏರಿಳಿಯುತ್ತದೆ. ಬೆಳಿಗ್ಗೆಯೂ ರಾತ್ರಿಯೂ ಅಳೆದು, ಹೆಚ್ಚಿನದನ್ನೇ ಲೆಕ್ಕಕ್ಕೆ ಹಿಡಿದು ಟ್ರಾನ್ಸ್‌ಫಾರ್ಮರ್ ಸುತ್ತಿಸಿ.

ಪೆಟ್ಟಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಿನ್ನಾಳ ಇಷ್ಟು ಹತ್ತಿರವಿರುವಾಗ ಗೊಂಬೆಯ ಕಟ್ಟಿಗೆ ನೆನಪಾಗುವುದು ಸಹಜ. ಆದರೆ ಅದು ಹಗುರ, ಮೆತ್ತನೆ, ಎರಡು ಟ್ರಾನ್ಸ್‌ಫಾರ್ಮರುಗಳ ಭಾರಕ್ಕೆ ಸ್ಕ್ರೂ ಕಿತ್ತುಬರುತ್ತದೆ. ಒಳ್ಳೆ ಪ್ಲೈವುಡ್ ಸಾಕು. ಕುಷ್ಟಗಿ ದಾಟಿದರೆ ಇಳಕಲ್; ಮುಂಭಾಗಕ್ಕೆ ಸೀರೆಯ ಬಟ್ಟೆ ಹಾಕುವ ಆಸೆ ನನಗೂ ಇದೆ, ಆದರೆ ಆ ಒತ್ತು ನೇಯ್ಗೆಯಲ್ಲಿ ಗಾಳಿ ಆಡುವುದಿಲ್ಲ.

ಪಡಿಯಚ್ಚಿನ ಹುರುಪಿನಲ್ಲಿ ಹಳೆಯ ಸೆಟ್ಟುಗಳ ಎರಡು ಪಿನ್ನಿನ ಪ್ಲಗ್ಗನ್ನು ಮಾತ್ರ ನಕಲು ಮಾಡಬೇಡಿ. ಗಿಟಾರಿನ ತಂತಿ ನೇರ ಚಾಸಿಗೆ ಕೂಡಿರುತ್ತದೆ, ಚಾಸಿಗೆ ಕರೆಂಟು ಬಂದರೆ ಬೆರಳಿಗೇ ಬಂದಂತೆ. ಮೂರನೇ ಪಿನ್ ಬೇಕು, ಅದರ ಹಿಂದೆ ನಿಜವಾದ ಅರ್ಥಿಂಗ್ ಬೇಕು. ಕುಷ್ಟಗಿಯ ಕಲ್ಲುನೆಲದಲ್ಲಿ ಉಪ್ಪು, ಇದ್ದಿಲು ತುಂಬಿದ ಗುಂಡಿಯನ್ನೂ ಬೇಸಿಗೆಯಲ್ಲಿ ತೇವವಾಗಿ ಇಡಬೇಕಾಗುತ್ತದೆ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಮುನ್ನೂರು ವೋಲ್ಟ್ ಕಾದು ಕೂತಿರಬಹುದು; ರೆಸಿಸ್ಟರ್ ಹಿಡಿದು ಖಾಲಿ ಮಾಡಿ, ಮೀಟರಿನಲ್ಲಿ ನೋಡಿ, ಆಮೇಲೆ ಕೈ ಹಾಕಿ.

ಮೊದಲ ಸಲ ಕರೆಂಟು ಕೊಡುವಾಗ ರೇಡಿಯೊ ಮೆಕ್ಯಾನಿಕ್ಕುಗಳ ಸೀರೀಸ್ ಬೋರ್ಡೇ ಗತಿ. ವಾಲ್ವು ಹಾಕುವ ಮೊದಲು ನೂರು ವ್ಯಾಟಿನ ಹಳೇ ಬಲ್ಬಿನ ಮೂಲಕ ಕೊಡಿ. ಬಲ್ಬು ಮಿಂಚಿ ಮಂಕಾದರೆ ಟ್ರಾನ್ಸ್‌ಫಾರ್ಮರು ಸರಿ ಇದೆ. ಝಗ್ಗೆಂದು ಉರಿಯುತ್ತಲೇ ಇದ್ದರೆ ಆರಿಸಿ ಹುಡುಕಿ. ವಾಲ್ವು ಕೂರಿಸುವ ಹೊತ್ತಿಗೆ ಸ್ಪೀಕರ್ ಕೂಡಿಸಿರಲೇಬೇಕು. ಹೊರೆ ಇಲ್ಲದೆ ಗಿಟಾರ್ ಮೀಟಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನೊಳಗೆ ವೋಲ್ಟೇಜ್ ಜಿಗಿದು ಪದರಗಳ ನಡುವೆ ಕಿಡಿ ಹಾರುತ್ತದೆ. ಆಗ ಮತ್ತೆ ಗಂಗಾವತಿಗೇ ಹೋಗಬೇಕು, ಮತ್ತು ಅಷ್ಟು ಸಣ್ಣ ತಂತಿಯನ್ನು ಎರಡನೇ ಸಲ ಸುತ್ತಲು ಮೇಸ್ತ್ರಿ ಒಪ್ಪುತ್ತಾರೆಂದು ನನಗೆ ಅನಿಸುವುದಿಲ್ಲ.