ನಿಲ್ಲಬೇಕಾದೆಡೆಯಲ್ಲಿ ನಿಂತವನು

ಐಸ್ ಹಾಕಿಯನ್ನು ನೋಡಲು ಕುಳಿತವನ ಕಣ್ಣು ಸಹಜವಾಗಿಯೇ ಪಕ್ ಎಂಬ ಕಪ್ಪು ರಬ್ಬರಿನ ಬಿಲ್ಲೆಯ ಬೆನ್ನು ಹತ್ತುತ್ತದೆ. ಮೂರಂಗುಲ ವ್ಯಾಸದ, ಒಂದಂಗುಲ ದಪ್ಪದ ಆ ಬಿಲ್ಲೆಯು 200 ಅಡಿ ಉದ್ದದ ಹಿಮದ ಅಂಗಳದಲ್ಲಿ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತಿರುವಾಗ ಅದನ್ನು ಬಿಟ್ಟು ಬೇರೊಂದನ್ನು ನೋಡುವ ಸಂಯಮವು ಬಹುಕಾಲದ ಪರಿಚಯದಿಂದಲ್ಲದೆ ಬರುವಂಥದಲ್ಲ. ಹಾಗೆ ಕಣ್ಣನ್ನು ಬಿಡಿಸಿಕೊಂಡು, ತನ್ನ ಗೋಲಿನ ಕಡೆಗೆ ಬೆನ್ನು ಮಾಡಿ ಹಿಂದುಹಿಂದಕ್ಕೆ ಜಾರುತ್ತ ಬರುವ ರಕ್ಷಣೆಯ ಆಟಗಾರನನ್ನು ನೋಡಲು ಕಲಿತವನಿಗೆ, ಸ್ವೀಡನ್ನಿನ ನಿಕ್ಲಾಸ್ ಲಿಡ್‌ಸ್ಟ್ರೋಮನು ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡದಲ್ಲಿ ಆಡಿದ ಇಪ್ಪತ್ತು ಋತುಗಳ ಆಟದ ಹಿರಿಮೆಯು ತಾನಾಗಿಯೇ ಗೋಚರಿಸುತ್ತದೆ.

ಅಂಗಳದಲ್ಲಿರುವ ಒಂದು ತಂಡದ ಆರು ಜನರಲ್ಲಿ ಗೋಲು ಕಾಯುವವನೊಬ್ಬ, ಮುನ್ನುಗ್ಗುವವರು ಮೂವರು. ಉಳಿದ ಇಬ್ಬರೇ ರಕ್ಷಣೆಯವರು. ಎದುರಾಳಿಯು ಪೂರ್ಣವೇಗದಿಂದ ಮುಂದಕ್ಕೆ ಬರುತ್ತಿರುವಾಗ ಇವರು ಹೆಚ್ಚುಕಡಿಮೆ ಅಷ್ಟೇ ವೇಗದಿಂದ ಹಿಂದಕ್ಕೆ ಜಾರಬೇಕು. ನಡುವಣ ಅಂತರವು ಹೆಚ್ಚಾಯಿತೋ, ಅವನಿಗೆ ನಿಶ್ಚಿಂತೆಯಾಗಿ ಗುರಿಯಿಡುವ ಅವಕಾಶ. ಕಡಿಮೆಯಾಯಿತೋ, ಒಮ್ಮೆಗೇ ಓರೆಯಾಗಿ ದಾಟಿಹೋಗುವ ಅವಕಾಶ. ಬಲಶಾಲಿಗಳು ಈ ಸಂಕಟವನ್ನು ಹೆಗಲಿನಿಂದ ಬಗೆಹರಿಸಿಕೊಳ್ಳುತ್ತಾರೆ. ಲಿಡ್‌ಸ್ಟ್ರೋಮನ ಮಾರ್ಗವು ಬೇರೆ. ನೀರು ಹಾಯಿಸುವ ರೈತನು ಹರಿವಿಗೆ ಎದೆಯೊಡ್ಡದೆ, ಕಾಲುವೆಯ ಬಾಯಿಗೆ ಒಂದು ಗುದ್ದಲಿ ಮಣ್ಣನ್ನಿಕ್ಕಿ ಅದನ್ನು ಬೇಕಾದ ಪಾತಿಗೆ ತಿರುಗಿಸುವಂತೆ, ಆತನು ತನ್ನ ದೇಹವನ್ನು ಅಂಗಳದ ನಡುಭಾಗದ ಕಡೆಗಿರಿಸಿ, ಕೋಲನ್ನು ಮುಂದೆ ಚಾಚಿ, ಬರುವವನಿಗೆ ಅಂಚುಗೋಡೆಯ ಪಕ್ಕದ ಒಂದೇ ಒಂದು ದಾರಿಯನ್ನು ಉಳಿಸುತ್ತಿದ್ದನು. ಆ ಮೂಲೆಯಿಂದ ಗೋಲಿನ ಬಾಯಿ ಕಾಣಿಸುವುದೇ ದುರ್ಲಭವಾದ್ದರಿಂದ, ಮೈಗೆ ಮೈ ತಗಲುವ ಮೊದಲೇ ದಾಳಿಯು ನಿಷ್ಫಲವಾಗಿಬಿಡುತ್ತಿತ್ತು.

ಕಾವ್ಯದ ಸ್ಥಿರವಾದ ಜೀವಿತವು ಔಚಿತ್ಯವೇ ಎಂದು ಸಾಧಿಸಿದವನು ಸಂಸ್ಕೃತದ ಆಲಂಕಾರಿಕ ಕ್ಷೇಮೇಂದ್ರ. ಅಲಂಕಾರವಾಗಲಿ ಗುಣವಾಗಲಿ ಸ್ವಸ್ಥಾನದಲ್ಲಿದ್ದಾಗಲೇ ಶೋಭಿಸುವುದೆಂಬುದು ಆತನ ಮತ. ಈ ಮಾನದಂಡವನ್ನು ಆಟದ ವಿಮರ್ಶೆಗೂ ಒಯ್ಯಬಹುದೆಂದು ನನ್ನ ನಂಬಿಕೆ. ಐಸ್ ಹಾಕಿಯ ಒರಟುತನವನ್ನು ಕೆಲವರು ಶೌರ್ಯವೆಂದು ಹೊಗಳುತ್ತಾರೆ, ಕೆಲವರು ಅನಾಗರಿಕವೆಂದು ಹಳಿಯುತ್ತಾರೆ. ನಾನಾದರೋ ಅದನ್ನು ಬಹುಮಟ್ಟಿಗೆ ತಡವಾಗಿ ಬಂದವನ ಉಪಾಯವೆಂದೇ ಎಣಿಸುತ್ತೇನೆ. ಇರಬೇಕಾದಲ್ಲಿ ಇಲ್ಲದವನು ಎದುರಾಳಿಯನ್ನು ಕೋಲಿನಿಂದ ಕೊಕ್ಕೆ ಹಾಕಿ ಎಳೆಯುತ್ತಾನೆ, ಕಾಲು ತೊಡರಿಸಿ ಕೆಡಹುತ್ತಾನೆ, ಕೊನೆಗೆ ದಂಡನೆಯ ಕಟಾಂಜನದೊಳಗೆ ಎರಡು ನಿಮಿಷ ಕುಳಿತು ತನ್ನ ತಂಡವನ್ನು ಒಬ್ಬನಷ್ಟು ಬಡವಾಗಿಸುತ್ತಾನೆ. ಲಿಡ್‌ಸ್ಟ್ರೋಮನು ಉತ್ತರ ಅಮೆರಿಕದ ವೃತ್ತಿಪರ ಲೀಗಿನ 1564 ಪಂದ್ಯಗಳಲ್ಲಿ ಅನುಭವಿಸಿದ ದಂಡನೆಯು ಒಟ್ಟು 514 ನಿಮಿಷ ಮಾತ್ರ. ಆತನ ತಂಡದಲ್ಲಿಯೇ ಬಹುಕಾಲ ಜೊತೆಯಾಗಿದ್ದ ಕ್ರಿಸ್ ಚೆಲಿಯೋಸನು 1651 ಪಂದ್ಯಗಳಲ್ಲಿ 2891 ನಿಮಿಷಗಳನ್ನು ಆ ಕಟಾಂಜನದೊಳಗೆ ಕಳೆದನು. ಚೆಲಿಯೋಸನೂ ರಕ್ಷಣೆಯ ಆಟಕ್ಕೆ ಮೀಸಲಾದ ನಾರಿಸ್ ಟ್ರೋಫಿಯನ್ನು ಮೂರು ಬಾರಿ ಪಡೆದ ಮಹಾ ಆಟಗಾರನಾದುದರಿಂದ, ಕಠೋರಮಾರ್ಗವು ಫಲಿಸದೆಂದು ನಾನು ವಾದಿಸಲಾರೆ. ಅದರ ಬೆಲೆಯು ಹೆಚ್ಚೆಂಬುದಷ್ಟೇ ನನ್ನ ಮಾತು.

1970ರಲ್ಲಿ ಹುಟ್ಟಿ, ವೆಸ್ಟೆರೋಸ್ ಪಟ್ಟಣದ ತಂಡದಲ್ಲಿ ಆಡುತ್ತಿದ್ದ ಈ ತರುಣನನ್ನು ಡೆಟ್ರಾಯಿಟ್ಟಿನವರು ಲೀಗಿನ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 1989ರ ಆಯ್ಕೆಯಲ್ಲಿ ಮೂರನೆಯ ಸುತ್ತಿನವರೆಗೆ ಕಾದು, 53ನೆಯವನಾಗಿ ಆರಿಸಿಕೊಂಡರು. ಅದೇ ವರ್ಷ ಇನ್ನೂ ಕೆಳಗಿನ ಸುತ್ತುಗಳಲ್ಲಿ ಸೆರ್ಗೆಯ್ ಫೆದೊರೊವ್ ಮತ್ತು ವ್ಲಾದಿಮಿರ್ ಕಾನ್‌ಸ್ಟಾಂಟಿನೊವ್ ಎಂಬ ರಷ್ಯನರಿಬ್ಬರೂ ಅವರ ಪಾಲಿಗೆ ಬಂದುದನ್ನು ನೆನೆದರೆ, ಒಂದು ತಂಡದ ಭಾಗ್ಯವು ಒಂದೇ ದಿನದಲ್ಲಿ ತೆರೆದ ಇಂಥ ಉದಾಹರಣೆಯು ವಿರಳವೆನ್ನಬೇಕು. 1991ರಲ್ಲಿ ಅಮೆರಿಕಕ್ಕೆ ಬಂದಾಗ ಆತನಿಗೆ ಜೋಡಿಯಾಗಿ ದೊರೆತವನು ಬ್ರ್ಯಾಡ್ ಮೆಕ್‌ಕ್ರಿಮನ್ ಎಂಬ ಅನುಭವಿ. ಹಿರಿಯನು ಹಿಂದೆ ನಿಂತು ಕಾಯುತ್ತಿರಲು ಕಿರಿಯನು ನಿರ್ಭಯನಾಗಿ ಮುಂದೆ ಹೋಗಿ, ಮೊದಲ ಋತುವಿನಲ್ಲಿಯೇ ಗೋಲುಗಳೂ ಗೋಲಿಗೆ ನೆರವಾದ ಪಾಸುಗಳೂ ಸೇರಿ 60 ಅಂಕ ಗಳಿಸಿದನು. ಜೋಡಿಯ ಈ ಧರ್ಮವನ್ನು ಅರಿಯದೆ ರಕ್ಷಣೆಯ ಆಟವನ್ನು ಅರಿಯಲಾಗದು. ಒಬ್ಬನು ಮುಂದೆ ಹೋದ ಗಳಿಗೆಯಲ್ಲಿ ಇನ್ನೊಬ್ಬನು ಎಲ್ಲಿರುತ್ತಾನೆಂಬುದೇ ಅದರ ಮೊದಲ ಪಾಠ.

ಈ ಕಲೆಯು ಸಂಪೂರ್ಣವಾಗಿ ಬೆಳಕಿಗೆ ಬಂದುದು ಲೀಗಿನ ವಿಜೇತರಿಗೆ ಸಲ್ಲುವ ಸ್ಟ್ಯಾನ್ಲಿ ಕಪ್ಪಿನ 1997ರ ಅಂತಿಮ ಸರಣಿಯಲ್ಲಿ. ಎದುರಿಗಿದ್ದ ಫಿಲಡೆಲ್ಫಿಯದ ದಾಳಿಯ ಮುಂಚೂಣಿಯಲ್ಲಿ ಎರಿಕ್ ಲಿಂಡ್ರೋಸ್ ಮತ್ತು ಜಾನ್ ಲೆಕ್ಲೇರರಂಥ ಭೀಮಕಾಯರಿದ್ದರು. ಮೈಗೆ ಮೈಯೊಡ್ಡುವ ಕಾನ್‌ಸ್ಟಾಂಟಿನೊವನನ್ನೇ ಇವರ ಮೇಲೆ ಬಿಡುವರೆಂದು ಎಲ್ಲರೂ ನಿರೀಕ್ಷಿಸಿರಲಾಗಿ, ತರಬೇತುದಾರ ಸ್ಕಾಟಿ ಬೌಮನ್‌ನು ಲಿಡ್‌ಸ್ಟ್ರೋಮ್ ಮತ್ತು ಲ್ಯಾರಿ ಮರ್ಫಿ ಎಂಬ ಮೃದು ಆಟದ ಜೋಡಿಯನ್ನು ಕಳುಹಿಸಿದನು. ಡಿಕ್ಕಿಗೆ ಸಿದ್ಧರಾಗಿ ಬಂದ ದೈತ್ಯರಿಗೆ ಡಿಕ್ಕಿಗೆ ಸಿಗುವವರೇ ಇಲ್ಲದಾಯಿತು. ಬಿಲ್ಲೆಯು ಅವರ ಕೋಲನ್ನು ತಲಪುವ ಮೊದಲೇ ಇನ್ನೊಂದು ಕೋಲು ಅದನ್ನು ತಟ್ಟಿಬಿಡುತ್ತಿತ್ತು. ಡೆಟ್ರಾಯಿಟ್ ನಾಲ್ಕಕ್ಕೆ ನಾಲ್ಕೂ ಪಂದ್ಯಗಳನ್ನು ಗೆದ್ದು, 1955ರಿಂದ ಕಾಣದಿದ್ದ ಕಪ್ಪನ್ನು ಮತ್ತೆ ಕಂಡಿತು. ಲಿಂಡ್ರೋಸನಿಗೆ ಇಡಿಯ ಸರಣಿಯಲ್ಲಿ ಒದಗಿದ ಒಂದೇ ಗೋಲು ಕೊನೆಯ ಪಂದ್ಯದ ಕಟ್ಟಕಡೆಯ ಸೆಕೆಂಡುಗಳಲ್ಲಿ ಬಂದಿತು.

ಇಷ್ಟಾದರೂ ನಾರಿಸ್ ಟ್ರೋಫಿಯ ತೀರ್ಪುಗಾರರು 1998ರಿಂದ ಸತತ ಮೂರು ವರ್ಷ ಆತನನ್ನು ಎರಡನೆಯ ಸ್ಥಾನದಲ್ಲಿಯೇ ನಿಲ್ಲಿಸಿದರು. ಗಟ್ಟಿ ಸದ್ದಿನ ಆಟವು ಬೇಗ ಕೇಳಿಸುತ್ತದೆ. ಸದ್ದಿಲ್ಲದುದಕ್ಕೆ ಕಣ್ಣು ಪಳಗಬೇಕು. 2001ರಲ್ಲಿ ಮೊದಲ ಬಾರಿ ಅದು ಕೈಸೇರಿದ ಮೇಲೆ ಮಾತ್ರ ಪಳಗಿದ ಕಣ್ಣು ಮತ್ತೆ ಮುಚ್ಚಲಿಲ್ಲ. ಏಳನೆಯ ಬಾರಿ ಅದನ್ನು ಪಡೆದಾಗ, 2011ರಲ್ಲಿ, ಆತನ ವಯಸ್ಸು 41.

ರಕ್ಷಣೆಯನ್ನೇ ಹೊಗಳುತ್ತ ಆತನ ಆಕ್ರಮಣವನ್ನು ಮರೆತರೆ ಅನ್ಯಾಯವಾದೀತು. ಆತನ ಗೋಲುಗಳು 264. ಅವುಗಳಲ್ಲಿ ಬಹಳಷ್ಟು ನೀಲಿಗೆರೆಯ ಬಳಿಯಿಂದ, ಎದುರಿಗಿರುವವರ ಕಾಲುಗಳ ಸಂದನ್ನು ಅಳೆದು ಹೊಡೆದವು. 2002ರ ಪ್ಲೇಆಫ್‌ನಲ್ಲಿ ವ್ಯಾಂಕೂವರಿನೆದುರು ಸರಣಿಯ ಮೊದಲೆರಡು ಪಂದ್ಯಗಳನ್ನು ಸೋತು ಡೆಟ್ರಾಯಿಟ್ ಕಂಗೆಟ್ಟಿದ್ದಾಗ, ಮೂರನೆಯ ಪಂದ್ಯದಲ್ಲಿ ಆತನು ಅಂಗಳದ ಮಧ್ಯರೇಖೆಯ ಬಳಿಯಿಂದಲೇ ಹೊಡೆದ ಬಿಲ್ಲೆಯು ಡ್ಯಾನ್ ಕ್ಲೂಟಿಯರನ ಕಾವಲನ್ನು ದಾಟಿ ಬಲೆ ಸೇರಿತು. ಅಲ್ಲಿಂದ ತಿರುಗಿದ ಋತುವು ಕಪ್ಪಿನಲ್ಲಿ ಮುಗಿದು, ಆ ವರ್ಷದ ಪ್ಲೇಆಫ್‌ಗಳ ಶ್ರೇಷ್ಠ ಆಟಗಾರನಿಗೆ ಸಲ್ಲುವ ಕಾನ್ ಸ್ಮೈತ್ ಟ್ರೋಫಿಯು ಮೊತ್ತಮೊದಲ ಬಾರಿಗೆ ಯುರೋಪಿನ ಆಟಗಾರನೊಬ್ಬನ ಪಾಲಾಯಿತು. 2006ರ ಟ್ಯೂರಿನ್ ಒಲಿಂಪಿಕ್ಸ್‌ನ ಅಂತಿಮ ಪಂದ್ಯದಲ್ಲಿ ಫಿನ್ಲೆಂಡಿನೊಡನೆ 2–2ರಿಂದ ಸಮನಾಗಿದ್ದಾಗ, ಮೂರನೆಯ ಅವಧಿಯು ಆರಂಭವಾಗಿ ಹತ್ತೇ ಸೆಕೆಂಡುಗಳಲ್ಲಿ ಮ್ಯಾಟ್ಸ್ ಸುಂದಿನನು ಹಿಂದಕ್ಕೆ ಬಿಟ್ಟ ಬಿಲ್ಲೆಯನ್ನು ಓಡುತ್ತ ಬಂದು ಹೊಡೆದು ಸ್ವೀಡನ್ನಿಗೆ ಸ್ವರ್ಣವನ್ನು ತಂದವನೂ ಈತನೇ.

ಅದೇ ವರ್ಷ ಡೆಟ್ರಾಯಿಟ್ಟಿನ ನಾಯಕ ಸ್ಟೀವ್ ಐಸರ್‌ಮನ್‌ನು ನಿವೃತ್ತನಾಗಲು ನಾಯಕತ್ವವು ಲಿಡ್‌ಸ್ಟ್ರೋಮನಿಗೆ ಬಂದಿತು. 2008ರಲ್ಲಿ ಪಿಟ್ಸ್‌ಬರ್ಗನ್ನು ಸೋಲಿಸಿದಾಗ, ಯುರೋಪಿನಲ್ಲಿಯೇ ಹುಟ್ಟಿ ಆಟ ಕಲಿತ ನಾಯಕನೊಬ್ಬನು ಸ್ಟ್ಯಾನ್ಲಿ ಕಪ್ಪನ್ನು ಎತ್ತಿದುದು ಅದೇ ಮೊದಲಾಯಿತು. ಎತ್ತಿದವನು ಅದನ್ನು ತಾರೆಯರಾರಿಗೂ ಕೊಡದೆ, ದೀರ್ಘಕಾಲ ಆಡಿಯೂ ಕಪ್ಪನ್ನು ಮುಟ್ಟದಿದ್ದ ಡಲ್ಲಾಸ್ ಡ್ರೇಕನಿಗೆ ಮೊದಲು ಕೊಟ್ಟನು. ಮರುವರ್ಷ ಅದೇ ಪಿಟ್ಸ್‌ಬರ್ಗಿನೆದುರು ಏಳನೆಯ ಪಂದ್ಯದ ಅಂತಿಮ ಕ್ಷಣದಲ್ಲಿ ಸಮ ಮಾಡಬಹುದಾಗಿದ್ದ ಆತನ ಹೊಡೆತವನ್ನು ಮಾರ್ಕ್-ಆಂದ್ರೆ ಫ್ಲ್ಯೂರಿಯು ಅಡ್ಡ ಹಾರಿ ತಡೆದನು. ಸರಿಯಾದೆಡೆ ನಿಂತವನಿಗೂ ಗೆಲುವು ಹಕ್ಕಿನ ಸ್ವತ್ತಲ್ಲ.

2012ರ ಮೇ 31ರಂದು, ತಾನು ಒಪ್ಪುವ ಮಟ್ಟದಲ್ಲಿ ಆಡುವ ಕಸುವು ಉಳಿದಿಲ್ಲವೆಂದು ಹೇಳಿ ಆಟದಿಂದ ನಿವೃತ್ತನಾದನು. ಆತನ 5ನೆಯ ಸಂಖ್ಯೆಯ ಅಂಗಿಯನ್ನು ಡೆಟ್ರಾಯಿಟ್ಟಿನಲ್ಲಿ ಮತ್ತಾರಿಗೂ ಕೊಡದೆ ಇರಿಸಿದರು. 2015ರಲ್ಲಿ ಹಾಕಿ ಹಾಲ್ ಆಫ್ ಫೇಮ್ ಆತನನ್ನು ಬರಮಾಡಿಕೊಂಡಿತು. ಎಂಟು ನಾರಿಸ್‌ಗಳ ಬಾಬ್ಬಿ ಓರನೇ ಶ್ರೇಷ್ಠನೆನ್ನುವವರೊಡನೆ ನಾನು ಜಗಳವಾಡುವುದಿಲ್ಲ. ಓರನದು ಶುದ್ಧ ಪ್ರತಿಭೆ. ರಕ್ಷಣೆಯವನೂ ಇಡಿಯ ಅಂಗಳವನ್ನಾಳಬಹುದೆಂದು ತೋರಿಸಿ, ಮಂಡಿಗಳು ಸೋತು ಮೂವತ್ತಕ್ಕೇ ನಿಂತಿತು, ಮತ್ತು ಅದನ್ನು ಅನುಕರಿಸಹೊರಟವರು ಬಹುಪಾಲು ಕೆಟ್ಟರು. ಲಿಡ್‌ಸ್ಟ್ರೋಮನದನ್ನು ಹುಡುಗರಿಗೆ ಪಾಠ ಹೇಳಬಹುದು, ಅಭ್ಯಾಸದಿಂದ ಅಷ್ಟಿಷ್ಟು ಗಳಿಸಲೂಬಹುದು. ಒಂದೇ ರಾತ್ರಿಯ ಆಟಕ್ಕಾದರೆ ನಾನು ಓರನನ್ನು ಕರೆಯುವೆನು; ಇಪ್ಪತ್ತು ವರ್ಷ ಬಾಳುವ ತಂಡವನ್ನು ಕಟ್ಟುವುದಾದರೆ ಲಿಡ್‌ಸ್ಟ್ರೋಮನಿಂದ ಆರಂಭಿಸುವೆನು.