ಯಾರ ಮನೆಯ ಮಹಾದೇವಿ?

ಕುರುಗೋಡಿನ ಓಣಿಯಲ್ಲಿ ನಿಂತು "ಬಸಮ್ಮಾ" ಎಂದು ಕೂಗಿದರೆ ನಾಲ್ಕು ಬಾಗಿಲು ತೆರೆದಾವು. ಯಾರ ಮನೆಯ ಬಸಮ್ಮ ಎಂದು ಮತ್ತೆ ಕೇಳಬೇಕು. ದೊಡ್ಡಬಸವೇಶ್ವರನ ಊರಲ್ಲಿ ಬೇರೆ ಏನಾದೀತು! ಗುಡಿಯಲ್ಲಿರುವುದು ಏಕಶಿಲೆಯ ನಂದಿ. ಕಲ್ಯಾಣದ ಬಸವಣ್ಣನವರು ವಚನ ಬರೆದ ಮನುಷ್ಯರು. ಪುರಾಣಗಳು ಅವರನ್ನು ನಂದಿಯ ಅವತಾರವೆಂದು ಹಾಡಿದ್ದರಿಂದ ಇಬ್ಬರೂ ನಮ್ಮ ಬಾಯಲ್ಲಿ ಒಂದಾಗಿದ್ದಾರೆ. 2021ರವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿದ್ದ ಹಂಪಿಯಲ್ಲಿ ರಗಳೆಗಳ ಕವಿ ಹರಿಹರನಿದ್ದ. ಆಮೇಲೆ ವಿಜಯನಗರದ ದೊರೆ ಹರಿಹರ ಬಂದ. ಇವರನ್ನು ಬೇರ್ಪಡಿಸುವುದು ಸುಲಭ. ಒಬ್ಬ ಕವಿ, ಒಬ್ಬ ಅರಸು.

ಹೆಂಗಸರ ವಿಷಯಕ್ಕೆ ಬಂದಾಗ ಮಾತ್ರ ಸಾಹಿತ್ಯವೂ ಓಣಿಯ ಪ್ರಶ್ನೆಯನ್ನೇ ಕೇಳುತ್ತದೆ. ಯಾರ ಮನೆಯವಳು?

ಮಹಾದೇವಿ ಎಂದೊಡನೆ ನಮಗೆ ಉಡುತಡಿಯ ಅಕ್ಕನೇ ನೆನಪಾಗುತ್ತಾಳೆ. ದವನದ ಹುಣ್ಣಿಮೆಗೆ ಅವಳ ಜಯಂತಿ, ಅವಳ ಹೆಸರಿನ ಬಳಗಗಳು, ವಿಜಯಪುರದ ಮಹಿಳಾ ವಿಶ್ವವಿದ್ಯಾಲಯಕ್ಕೂ ಅವಳದೇ ಹೆಸರು. ಅದು ಸಲ್ಲಬೇಕಾದದ್ದೇ. ಆದರೆ ಅದೇ ಹನ್ನೆರಡನೆಯ ಶತಮಾನದಲ್ಲಿ, ಅದೇ ಕಲ್ಯಾಣದಲ್ಲಿ ಇನ್ನೊಬ್ಬ ಮಹಾದೇವಿ ಇದ್ದಳು. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಬಂದು ಸೌದೆಯ ಹೊರೆ ಮಾರಿ ಬದುಕಿದನೆಂದು ಪರಂಪರೆ ಹೇಳುವ ಮೋಳಿಗೆಯ ಮಾರಯ್ಯನ ಹೆಂಡತಿ. ಅವಳ ಸುಮಾರು 70 ವಚನಗಳು ಉಳಿದಿವೆ. ನಮ್ಮಲ್ಲಿ ಎಷ್ಟು ಮಂದಿ ಒಂದನ್ನಾದರೂ ಓದಿದ್ದೇವೆ?

ಅಕ್ಕನ ಅಂಕಿತ ಚೆನ್ನಮಲ್ಲಿಕಾರ್ಜುನ, ಮಾರಯ್ಯನದು ನಿಃಕಳಂಕ ಮಲ್ಲಿಕಾರ್ಜುನ. ಹೆಸರಿನ ಜೊತೆಗೆ ದೇವರೂ ಹೊಂದಿಕೊಂಡುಬಿಟ್ಟಿದ್ದಾನೆ. ಈ ಮಹಾದೇವಿ ಗಂಡನ ಅಂಕಿತವನ್ನು ಹಾಗೇ ತೆಗೆದುಕೊಳ್ಳಲಿಲ್ಲ. ಅದಕ್ಕೆ 'ಎನ್ನಯ್ಯಪ್ರಿಯ ಇಮ್ಮಡಿ' ಎಂದು ಸೇರಿಸಿದಳು. ಆ 'ಇಮ್ಮಡಿ'ಯನ್ನು ಬರೀ ಪತಿಭಕ್ತಿ ಎಂದು ಓದಲು ನನ್ನ ಮನಸ್ಸು ಒಪ್ಪುವುದಿಲ್ಲ. ಐಕ್ಯಕ್ಕೆ ಹಂಬಲಿಸಿದ ಗಂಡನನ್ನು ಅವಳು ತಡೆದು ಕೇಳುತ್ತಾಳೆ. ಇಲ್ಲಿರುವುದನ್ನು ಬಿಟ್ಟು ಬೇರೆಲ್ಲಿ ಹುಡುಕುತ್ತೀರಿ ಎನ್ನುವ ಧಾಟಿ ಅವಳದು. ಅಂಬಲಿ ಕಾಸಿದ ಕೈ ತತ್ವವನ್ನೂ ನಿರ್ಣಯಿಸುತ್ತದೆ. ಅಕ್ಕ ಮನೆ ಬಿಟ್ಟಳು. ಇವಳು ಮನೆಯಲ್ಲೇ ಕೂತು ವಾದಿಸಿದಳು. ಬಿಟ್ಟುಹೋದವಳ ಕತೆಯನ್ನು ಹರಿಹರ, ಚಾಮರಸರಂಥ ಕವಿಗಳು ಹಾಡಿದರು. ಅವಳಿಗೆ ಮದುವೆಯಾಯಿತೋ ಇಲ್ಲವೋ ಎಂದು ಪಂಡಿತರು ಇಂದಿಗೂ ಜಗಳವಾಡುತ್ತಾರೆ. ಸಂಸಾರದೊಳಗೇ ಇದ್ದು ಗಂಡನಿಗೆ ತಿದ್ದಿ ಹೇಳಿದವಳು ಅಷ್ಟು ರಸವತ್ತಾಗಿ ಕಾಣಿಸಲಿಲ್ಲವೇನೋ.

ಮಾರಯ್ಯಂದಿರೂ ಇಬ್ಬರು! ಇನ್ನೊಬ್ಬ ಆಯ್ದಕ್ಕಿ ಮಾರಯ್ಯ, ಲಿಂಗಸುಗೂರು ಸೀಮೆಯ ಅಮರೇಶ್ವರದವನು. ಸಿರುಗುಪ್ಪದವರಿಗೆ ಹೊಳೆಯ ಆಚೆ ದಡದ ಜಿಲ್ಲೆ. ನೆಲಕ್ಕೆ ಬಿದ್ದ ಅಕ್ಕಿ ಆಯುವುದು ಅವನ ಕಾಯಕ. ಒಂದು ದಿನ ಅವನು ಹೆಚ್ಚಿಗೆ ತಂದಾಗ ಹೆಂಡತಿ ಲಕ್ಕಮ್ಮ, ಬೇಕಾದಷ್ಟೇ ಸಾಕು, ಉಳಿದದ್ದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು. ಭತ್ತದ ರಾಶಿ, ಅಕ್ಕಿಯ ಗಿರಣಿ ನೋಡುತ್ತ ಬೆಳೆದ ಸಿರುಗುಪ್ಪದ ಹೆಣ್ಣುಮಕ್ಕಳಿಗೆ ಆ ಮಾತಿನ ತೂಕ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಇಬ್ಬರು ಮಾರಯ್ಯರಿಗೂ ಹೆಂಡತಿಯರೇ ಬುದ್ಧಿ ಹೇಳಿದ್ದು ನನಗಂತೂ ಖುಷಿ.

1993ರಲ್ಲಿ ಸರ್ಕಾರ ಸಮಗ್ರ ವಚನ ಸಂಪುಟಗಳನ್ನು ತಂದಾಗ, ವೀರಣ್ಣ ರಾಜೂರರು ಸಂಪಾದಿಸಿದ ಐದನೆಯದು ಶಿವಶರಣೆಯರಿಗೇ ಮೀಸಲಾಗಿತ್ತು. ಅದು ದೊಡ್ಡ ಉಪಕಾರ. ಅದರ ಪರಿವಿಡಿಯಲ್ಲಿ ಮೂವರು ಕಾಳವ್ವೆಯರಿದ್ದಾರೆ: ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ, ಸಿದ್ಧಬುದ್ಧಯ್ಯಗಳ ಪುಣ್ಯಸ್ತ್ರೀ, ಬಾಚಿಕಾಯಕದ ಬಸವಯ್ಯಗಳ ಪುಣ್ಯಸ್ತ್ರೀ. ಸಂಪಾದಕರನ್ನು ದೂರುವಂತಿಲ್ಲ, ಪರಂಪರೆ ಕೊಟ್ಟ ಗುರುತೇ ಅದು. ಆದರೆ ಓದುವ ನಾವು ಅಂಕಿತದಿಂದ ಗುರುತಿಸಬಹುದಲ್ಲ? ಬಾಚಿ ಹಿಡಿದ ಬಡಗಿಯ ಮನೆಯ ಕಾಳವ್ವೆಯ ಅಂಕಿತ ಗಂಡನದಲ್ಲ. ಅವಳು 'ಕರ್ಮಹರ ಕಾಳೇಶ್ವರ' ಎಂದು, ತನ್ನ ಹೆಸರೇ ಕೇಳಿಸುವ ದೇವರನ್ನು ಇಟ್ಟುಕೊಂಡಿದ್ದಾಳೆ.