ಒಂದು ವಾರದ ಕಪ್ಪು

ದೇಹದಾರ್ಢ್ಯ ಸ್ಪರ್ಧೆಯ ಚಿತ್ರ ಪತ್ರಿಕೆಯಲ್ಲಿ ಬಂದಾಗ ನಾವು ನೋಡುವುದು ತೋಳು, ಎದೆ, ತೊಡೆಗಳ ಮಾಂಸಖಂಡಗಳನ್ನು. ಬಣ್ಣದ ಕಡೆ ಗಮನ ಹೋಗುವುದು ಕಡಿಮೆ. ಸ್ವಲ್ಪ ನಿಧಾನವಾಗಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಸಾಲಾಗಿ ನಿಂತವರೆಲ್ಲರ ಮೈಬಣ್ಣ ಹೆಚ್ಚುಕಡಿಮೆ ಒಂದೇ. ಗಾಢ ಕಂದು, ಕಪ್ಪಿಗೆ ಹತ್ತಿರದ್ದು. ಪಂಜಾಬಿನವನಿರಲಿ, ಮಣಿಪುರದವನಿರಲಿ, ನಮ್ಮ ಮಂಗಳೂರಿನವನಿರಲಿ, ವೇದಿಕೆ ಹತ್ತಿದ ಮೇಲೆ ಎಲ್ಲರೂ ಒಂದೇ ಎರಕದಿಂದ ತೆಗೆದ ಕಂಚಿನ ಬೊಂಬೆಗಳಂತೆ ಕಾಣುತ್ತಾರೆ. ಈ ಬಣ್ಣ ಹುಟ್ಟಿನಿಂದ ಬಂದದ್ದಲ್ಲ, ಬಿಸಿಲಿನಿಂದ ಬಂದದ್ದೂ ಅಲ್ಲ. ಹಿಂದಿನ ರಾತ್ರಿ ಬಾಟಲಿಯಿಂದ ಸುರಿದು ಮೈಗೆ ಹಚ್ಚಿಕೊಂಡದ್ದು. ಜಿಮ್ಮಿನ ಹುಡುಗರು ಇದನ್ನು 'ಟ್ಯಾನ್' ಎನ್ನುತ್ತಾರೆ.

ಇದನ್ನು ತಿಳಿದವರಲ್ಲಿ ಹಲವರು ನಗುತ್ತಾರೆ. ವರ್ಷಗಟ್ಟಲೆ ಕಬ್ಬಿಣ ಎತ್ತಿದವನು ಕೊನೆಗೆ ಮೈಗೆ ಬಣ್ಣ ಬಳಿದುಕೊಂಡು ನಿಂತರೆ ಅದು ಕಪಟವಲ್ಲವೇ ಎಂದು ಕೇಳುತ್ತಾರೆ. ಪ್ರಶ್ನೆ ಕೇಳಬೇಕಾದದ್ದೇ. ಆದರೆ ಅದನ್ನು ತಪ್ಪು ಜಾಗದಲ್ಲಿ ಕೇಳಲಾಗುತ್ತಿದೆ. ಆ ಹುಡುಗ ಬಣ್ಣ ಹಚ್ಚಿಕೊಂಡದ್ದು ಸುಳ್ಳೋ ನಿಜವೋ ಎನ್ನುವುದಕ್ಕಿಂತ, ವೇದಿಕೆಯ ಮೇಲೆ ಚೆಂದವೆನಿಸಿದ ಅದೇ ಬಣ್ಣ ವೇದಿಕೆಯಿಂದ ಇಳಿದ ಕೂಡಲೇ ಕುಂದಾಗುವುದು ಹೇಗೆ ಎಂಬುದೇ ನನಗೆ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ.

ಮೊದಲು ಕಪಟದ ಮಾತನ್ನೇ ನೋಡೋಣ. ಸ್ಪರ್ಧೆಯ ವೇದಿಕೆಯಲ್ಲಿ ಬೆಳಕು ಪ್ರಖರವಾಗಿರುತ್ತದೆ. ತಿಳಿ ಚರ್ಮದ ಮೇಲೆ ಅದು ಬಿದ್ದರೆ ಪ್ರತಿಫಲಿಸಿ ಹಿಂದಕ್ಕೆ ಹೋಗುತ್ತದೆ. ಮಾಂಸಖಂಡಗಳ ನಡುವಿನ ಗೆರೆ, ನೆರಳು, ಏರು ತಗ್ಗು ಯಾವುದೂ ಸ್ಪಷ್ಟವಾಗುವುದಿಲ್ಲ. ಕಪ್ಪು ಮೈಯ ಮೇಲೆ ಅದೇ ಬೆಳಕು ಉಬ್ಬಿದಲ್ಲಿ ಮಿಂಚಿ, ತಗ್ಗಿನಲ್ಲಿ ನೆರಳಾಗಿ ನಿಲ್ಲುತ್ತದೆ. ವರ್ಷಗಳ ದುಡಿಮೆ ದೂರದಲ್ಲಿ ಕುಳಿತ ತೀರ್ಪುಗಾರನ ಕಣ್ಣಿಗೆ ಬೀಳುವುದು ಆಗಲೇ. ಯಕ್ಷಗಾನದ ಚೌಕಿಯಲ್ಲಿ ಕಲಾವಿದ ತನ್ನ ಮುಖಕ್ಕೆ ತಾನೇ ಬಣ್ಣ ಬರೆದುಕೊಳ್ಳುತ್ತಾನೆ. ರಂಗಸ್ಥಳದ ಬೆಳಕಿನಲ್ಲಿ, ದೂರದ ಪ್ರೇಕ್ಷಕನಿಗೆ ಕಾಣಬೇಕೆಂದೇ ಅಷ್ಟು ಗಾಢವಾಗಿ ಬರೆಯುತ್ತಾನೆ. ಅದನ್ನು ಯಾರೂ ಮೋಸವೆನ್ನುವುದಿಲ್ಲ. ದೇಹದಾರ್ಢ್ಯ ಪಟುವಿನ ಬಣ್ಣವೂ ಈ ಅರ್ಥದಲ್ಲಿ ವೇಷವೇ. ತೀರ್ಪುಗಾರನಿಗೂ ಗೊತ್ತು, ಪ್ರತಿಸ್ಪರ್ಧಿಗೂ ಗೊತ್ತು. ಎಲ್ಲರಿಗೂ ಗೊತ್ತಿರುವಲ್ಲಿ ಕಪಟಕ್ಕೆ ಜಾಗವೆಲ್ಲಿ?

ದೊಡ್ಡ ಸ್ಪರ್ಧೆಗಳಲ್ಲಿ ಈ ಬಣ್ಣವನ್ನು ಯಂತ್ರದಿಂದ ಸಿಂಪಡಿಸುವ ವೃತ್ತಿಪರರು ಇರುತ್ತಾರೆ. ಅವರಿಗೆ ಹಣ ಕೊಡಬೇಕು. ಮೊಟ್ಟೆ, ಕೋಳಿ, ಪ್ರೋಟೀನ್ ಪುಡಿಗೇ ಸಾಲ ಮಾಡಿಕೊಂಡ ಹುಡುಗನಿಗೆ ಅದು ಕೈಗೆಟುಕದ ಮಾತು. ಹಾಗಾಗಿ ಅವನು ಬಾಟಲಿ ತಂದು ಮನೆಯಲ್ಲೇ ಹಚ್ಚಿಕೊಳ್ಳುತ್ತಾನೆ.

ಈ ಕೆಲಸ ಕೇಳಿದಷ್ಟು ಸುಲಭವಲ್ಲ. ಒಂದೆರಡು ದಿನ ಮೊದಲೇ ಮೈಮೇಲಿನ ಕೂದಲು ತೆಗೆಯಬೇಕು. ಚರ್ಮವನ್ನು ಒರಟು ಬಟ್ಟೆಯಿಂದ ಉಜ್ಜಿ ಸತ್ತ ಪದರ ಕಳೆಯಬೇಕು, ಇಲ್ಲದಿದ್ದರೆ ಬಣ್ಣ ತೇಪೆ ತೇಪೆಯಾಗಿ ಕೂರುತ್ತದೆ. ಹಚ್ಚುವ ದಿನ ಎಣ್ಣೆ, ಕ್ರೀಮು, ಸುಗಂಧ ಯಾವುದೂ ಮೈಮೇಲೆ ಇರಬಾರದು. ಕಂಕುಳಿಗೆ ಡಿಯೋಡರೆಂಟ್ ಹಚ್ಚಿದ್ದರೆ ಅಲ್ಲಿ ಬಣ್ಣ ಹಸಿರಿಗೆ ತಿರುಗುವುದುಂಟು. ಕೈಗವಸು ಹಾಕಿಕೊಂಡು ಸ್ಪಂಜಿನಿಂದ ತೆಳ್ಳಗೆ ಒಂದು ಲೇಪ, ಫ್ಯಾನಿನ ಕೆಳಗೆ ಕೈಕಾಲು ಅಗಲಿಸಿ ನಿಂತು ಒಣಗಿಸುವುದು, ಅದರ ಮೇಲೆ ಇನ್ನೊಂದು ಲೇಪ. ಮೊಣಕೈ, ಮೊಣಕಾಲು, ಹಿಮ್ಮಡಿಯ ಒರಟು ಚರ್ಮ ಬಣ್ಣವನ್ನು ಹೆಚ್ಚು ಹೀರುವುದರಿಂದ ಅಲ್ಲಿ ಕೈ ಹಗುರವಿರಬೇಕು. ಮುಖಕ್ಕೆ ಕೊನೆಯಲ್ಲಿ, ಅದೂ ಸ್ವಲ್ಪವೇ. ರಾತ್ರಿ ಹಳೆಯ ಸಡಿಲ ಬಟ್ಟೆ ತೊಟ್ಟು ಹಳೆಯ ಹೊದಿಕೆಯ ಮೇಲೆ ಮಲಗಬೇಕು. ಬೆವರಬಾರದು, ನೀರು ತಾಗಬಾರದು. ಒಂದು ಹನಿ ಜಾರಿದರೂ ಅದು ಹೋದ ದಾರಿ ಬಿಳಿಗೆರೆಯಾಗಿ ಉಳಿಯುತ್ತದೆ.

ಈ ದ್ರಾವಣದ ಮುಖ್ಯ ವಸ್ತು ಡೈಹೈಡ್ರಾಕ್ಸಿ ಅಸಿಟೋನ್. ಚಿಕ್ಕದಾಗಿ ಡಿಎಚ್‌ಎ. ಇದೊಂದು ಬಗೆಯ ಸಕ್ಕರೆ. ಚರ್ಮದ ಅತ್ಯಂತ ಮೇಲಿನ ಸತ್ತ ಪದರದಲ್ಲಿರುವ ಅಮೈನೋ ಆಮ್ಲಗಳೊಡನೆ ಸೇರಿ ಕೆಲವು ಗಂಟೆಗಳಲ್ಲಿ ಕಂದಾಗುತ್ತದೆ. ಹಂಚಿನ ಮೇಲೆ ರೊಟ್ಟಿ ಕೆಂಪಾಗುವುದಕ್ಕೂ ಇದಕ್ಕೂ ರಸಾಯನಶಾಸ್ತ್ರದಲ್ಲಿ ನೆಂಟಸ್ತಿಕೆ ಇದೆ. ಇದನ್ನು ಗುರುತಿಸಿದ ಕತೆಯೂ ಸ್ವಾರಸ್ಯಕರ. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಇವಾ ವಿಟ್‌ಗೆನ್‌ಸ್ಟೈನ್ ಎಂಬ ವಿಜ್ಞಾನಿ ಒಂದು ಅಪರೂಪದ ಕಾಯಿಲೆಯ ಮಕ್ಕಳಿಗೆ ಇದನ್ನು ಕುಡಿಸಿ ಪರೀಕ್ಷಿಸುತ್ತಿದ್ದರು. ಮಕ್ಕಳ ಬಾಯಿಂದ ಚೆಲ್ಲಿದ್ದು ಚರ್ಮಕ್ಕೆ ತಾಗಿದಲ್ಲೆಲ್ಲ ಕಂದು ಕಲೆ ಮೂಡಿತು, ಬಟ್ಟೆಯ ಮೇಲೆ ಮೂಡಲಿಲ್ಲ. 1960ರ ಹೊತ್ತಿಗೆ ಅದೇ ವಸ್ತು ಬಾಟಲಿಯಲ್ಲಿ ಮಾರಾಟಕ್ಕೆ ಬಂತು. ಕಾಯಿಲೆ ಮಕ್ಕಳಿಗಾಗಿ ನಡೆದ ಪರೀಕ್ಷೆಯಿಂದ ಶೋಕಿಯ ಸರಕು ಹುಟ್ಟಿತು.

ಸತ್ತ ಪದರ ಉದುರಿದಂತೆ ಬಣ್ಣವೂ ಉದುರುತ್ತದೆ. ಹೆಚ್ಚೆಂದರೆ ಒಂದು ವಾರ. ಹೊರಮೈಗೆ ಹಚ್ಚಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿದೆ. ಕಣ್ಣು, ತುಟಿ, ಮೂಗಿನೊಳಗೆ ತಾಗಬಾರದು, ಉಸಿರಿನೊಂದಿಗೆ ಒಳಗೆ ಹೋಗಬಾರದು ಎಂದೂ ಅದು ಹೇಳಿದೆ. ಈ ಬಣ್ಣ ಬಿಸಿಲಿನಿಂದ ರಕ್ಷಣೆ ಕೊಡುವುದಿಲ್ಲ. ಆದರೂ ಕಪ್ಪಾಗಲು ಜನ ಹಿಡಿಯುವ ಬೇರೆ ದಾರಿಗಳಿಗಿಂತ ಇದು ವಾಸಿ. ಅತಿನೇರಳೆ ಕಿರಣದ ಟ್ಯಾನಿಂಗ್ ಯಂತ್ರಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಮೆಲನೊಟಾನ್ ಎಂಬ ಚುಚ್ಚುಮದ್ದು ಪರವಾನಗಿಯಿಲ್ಲದೆ ಕಳ್ಳದಾರಿಯಲ್ಲಿ ಮಾರಾಟವಾಗುತ್ತದೆ. ಅದನ್ನು ಯಾರೂ ಮುಟ್ಟಬಾರದು.

ನಮ್ಮ ಓದುಗರಲ್ಲಿ ಕೆಲವರಿಗೆ ಇನ್ನೊಂದು ಸಂಗತಿ ಹೊಳೆದಿರಬಹುದು. ದಿನಕ್ಕೆ ಐದು ಬಾರಿ ವುಝೂ ಮಾಡುವ ಹುಡುಗ ಈ ನೀರು ತಾಗದ ರಾತ್ರಿಯನ್ನು ಹೇಗೆ ಕಳೆಯುತ್ತಾನೆ? ಡಿಎಚ್‌ಎ ಬಣ್ಣ ಮದರಂಗಿಯಂತೆ ಚರ್ಮಕ್ಕೇ ಹತ್ತುವ ಕಲೆ. ಅದರ ಮೇಲೆ ಬೆಳಗ್ಗೆ ಬಳಿಯುವ ಹೊಳಪಿನ ಲೇಪ ಮೈಮೇಲೆ ಪದರವಾಗಿ ಕೂರುತ್ತದೆ. ಇವೆರಡೂ ಒಂದೇ ಅಲ್ಲ. ಇನ್ನು ಮುಖ, ಮುಂಗೈ, ಪಾದ ತೊಳೆದರೆ ಮೊದಲು ಬಣ್ಣ ಕೆಡುವುದು ಅಲ್ಲೇ. ಇದರ ಧಾರ್ಮಿಕ ವಿಧಿಯನ್ನು ತಿಳಿದವರು ಹೇಳಲಿ. ಒಂದು ಕ್ರೀಡೆಯ ಸಣ್ಣ ನಿಯಮವೂ ಮನುಷ್ಯನ ದಿನಚರಿಯ ಎಷ್ಟು ಒಳಗೆ ಕೈಹಾಕುತ್ತದೆ ಎಂಬುದಕ್ಕೆ ಇದನ್ನು ಹೇಳಿದೆ.

ಈಗ ಬಣ್ಣದ ಚರಿತ್ರೆಗೆ ಬರೋಣ. ಆಧುನಿಕ ದೇಹದಾರ್ಢ್ಯದ ಮೂಲಪುರುಷ ಎನಿಸಿಕೊಂಡವನು ಪ್ರಷ್ಯದಲ್ಲಿ 1867ರಲ್ಲಿ ಹುಟ್ಟಿದ ಯೂಜೆನ್ ಸ್ಯಾಂಡೋ. ನಮ್ಮ ಅಂಗಡಿಗಳಲ್ಲಿ ಇಂದಿಗೂ 'ಸ್ಯಾಂಡೋ ಬನಿಯನ್' ಎಂದು ಕೇಳುತ್ತೇವಲ್ಲ, ಆ ಹೆಸರು ಇವನದೇ. 1901ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅವನು ನಡೆಸಿದ ಸ್ಪರ್ಧೆಯನ್ನು ಈ ಕ್ರೀಡೆಯ ಮೊದಲ ದೊಡ್ಡ ಸ್ಪರ್ಧೆ ಎನ್ನುತ್ತಾರೆ. ಷೆರ್ಲಾಕ್ ಹೋಮ್ಸನ ಸೃಷ್ಟಿಕರ್ತ ಕಾನನ್ ಡಾಯ್ಲ್ ಅಂದು ತೀರ್ಪುಗಾರರಲ್ಲೊಬ್ಬ. ಈ ಸ್ಯಾಂಡೋ ಮೈಗೆ ಬಳಿದುಕೊಳ್ಳುತ್ತಿದ್ದುದು ಕಪ್ಪನ್ನಲ್ಲ, ಬಿಳಿ ಪುಡಿಯನ್ನು. ಗ್ರೀಕ್ ಮತ್ತು ರೋಮನ್ ಅಮೃತಶಿಲೆಯ ಪ್ರತಿಮೆಗಳಂತೆ ಕಾಣಬೇಕೆಂಬ ಆಸೆ ಅವನದು. ಆ ಕಾಲದ ಯೂರೋಪಿಗೆ ಬಿಳಿ ಕಲ್ಲೇ ಪೂರ್ಣ ದೇಹದ ಮಾದರಿ. ಕಪ್ಪಾದ ಮೈ ಎಂದರೆ ಹೊಲದಲ್ಲಿ ದುಡಿದವನ ಮೈ.

ಕಾರ್ಖಾನೆಗಳು ಬಂದು ಕೂಲಿಕಾರ ಬಿಸಿಲಿನಿಂದ ಒಳಗೆ ಹೋದ. ಅವನ ಮೈ ಬಿಳಿಚಿಕೊಂಡಿತು. ಸಮುದ್ರ ತೀರದಲ್ಲಿ ರಜೆ ಕಳೆಯುವ ಪುರುಸೊತ್ತು ಇದ್ದವನ ಮೈ ಕಂದಾಯಿತು. 1920ರ ದಶಕದಿಂದ ಯೂರೋಪ್, ಅಮೆರಿಕಗಳಲ್ಲಿ ಬಿಸಿಲುಗಂದು ಶ್ರೀಮಂತಿಕೆಯ ಗುರುತಾಯಿತು. ದೇಹದಾರ್ಢ್ಯವೂ ಕ್ಯಾಲಿಫೋರ್ನಿಯದ ಕಡಲತೀರಕ್ಕೆ ಹೋಗಿ ಅಮೃತಶಿಲೆಯನ್ನು ಬಿಟ್ಟು ಕಂಚನ್ನು ಹಿಡಿಯಿತು. ಪ್ರತಿಮೆಯ ಲೋಹ ಬದಲಾಯಿತೇ ಹೊರತು ಪ್ರತಿಮೆಯಾಗುವ ಆಸೆ ಬದಲಾಗಲಿಲ್ಲ.

ಹಾಗಾದರೆ ಕಪ್ಪು ಬಣ್ಣಕ್ಕೆ ಬಂದ ಬೆಲೆ ಕಪ್ಪು ಮನುಷ್ಯನಿಗೂ ಬಂತೇ? ಇಲ್ಲ. ಬಿಳಿಯ ಪಟುಗಳು ಬಿಸಿಲು ಕಾಯಿಸಿ ಮೈಯನ್ನು ಕಂದು ಮಾಡಿಕೊಳ್ಳುತ್ತಿದ್ದ ಅದೇ ಅಮೆರಿಕದಲ್ಲಿ, ಹವ್ಯಾಸಿ ಕ್ರೀಡಾ ಒಕ್ಕೂಟದ 'ಮಿಸ್ಟರ್ ಅಮೆರಿಕ' ಪಟ್ಟ ಒಬ್ಬ ಕರಿಯನಿಗೆ ಮೊದಲ ಬಾರಿ ಸಿಕ್ಕಿದ್ದು 1970ರಲ್ಲಿ, ಕ್ರಿಸ್ ಡಿಕರ್ಸನ್‌ಗೆ. ಅಷ್ಟರಲ್ಲಿ ಕ್ಯೂಬಾ ಮೂಲದ ಕರಿಯ ಸೆರ್ಜಿಯೊ ಒಲಿವಾ 1967ರಿಂದ ಸತತ ಮೂರು ವರ್ಷ ಇನ್ನೂ ದೊಡ್ಡದಾದ 'ಮಿಸ್ಟರ್ ಒಲಿಂಪಿಯಾ' ಗೆದ್ದಾಗಿತ್ತು. ಬಣ್ಣ ಬೇಕು, ಬಣ್ಣದ ಮನುಷ್ಯ ತಡೆದು ಬರಲಿ ಎಂಬ ನ್ಯಾಯವಿದು. ತೊಳೆದರೆ ಹೋಗುವ ಕಪ್ಪಿಗೆ ಸಿಕ್ಕ ಮನ್ನಣೆ, ತೊಳೆದರೂ ಹೋಗದ ಕಪ್ಪಿಗೆ ಸಿಗಲಿಲ್ಲ.

ಇದನ್ನು ಅಮೆರಿಕದ ಪಾಪವೆಂದು ಅಲ್ಲಿಗೇ ಬಿಟ್ಟು ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮಲ್ಲಿ ಬಿಸಿಲು ಇನ್ನೂ ಕೂಲಿಕಾರನ ಪಾಲಿನದ್ದೇ. ಬಂದರಿನ ಹಮಾಲಿ, ದೋಣಿಯ ಮೀನುಗಾರ, ರಸ್ತೆಗೆ ಡಾಮರು ಹಾಕುವವನು, ಗದ್ದೆಯಲ್ಲಿ ಬಗ್ಗಿದ ಹೆಂಗಸು, ಇವರ ಮೈಮೇಲಿರುವುದು ನಿಜವಾದ ಟ್ಯಾನ್. ಅದಕ್ಕೆ ಯಾರೂ ಅಂಕ ಕೊಡುವುದಿಲ್ಲ. 1975ರಲ್ಲಿ ಮಾರುಕಟ್ಟೆಗೆ ಬಂದ 'ಫೇರ್ ಅಂಡ್ ಲವ್ಲಿ' ಮೂರು ತಲೆಮಾರಿನ ಹೆಣ್ಣುಮಕ್ಕಳಿಗೆ ಕಪ್ಪು ಎಂದರೆ ಕೊರತೆ ಎಂದು ಪಾಠ ಹೇಳಿತು. 2005ರಲ್ಲಿ 'ಫೇರ್ ಅಂಡ್ ಹ್ಯಾಂಡ್ಸಮ್' ಬಂದು ಗಂಡಸರಿಗೂ ಆ ಪಾಠ ವಿಸ್ತರಿಸಿತು. 2020ರಲ್ಲಿ ಮೊದಲಿನದರ ಹೆಸರು 'ಗ್ಲೋ ಅಂಡ್ ಲವ್ಲಿ' ಎಂದಾಯಿತು. ಡಬ್ಬಿಯ ಮೇಲಿನ ಅಕ್ಷರ ಬದಲಾದರೂ ವಧುವರರ ಜಾಹೀರಾತಿನಲ್ಲಿ 'ಗೌರವರ್ಣ' ಎಂಬ ಮಾತು ಅಳಿಸಿಹೋಗಿಲ್ಲ. ಬಿಳಿಯಾಗಿಸುವ ಅಗ್ಗದ ಕ್ರೀಮುಗಳಲ್ಲಿ ಕೆಲವು ಪಾದರಸ ಬೆರೆಸಿದವು. ಅದು ಮೂತ್ರಪಿಂಡವನ್ನು ಕೆಡಿಸುತ್ತದೆ. ಕಪ್ಪಾಗುವ ಬಾಟಲಿ ಬಟ್ಟೆ ಕೆಡಿಸಿದರೆ, ಬೆಳ್ಳಗಾಗುವ ಡಬ್ಬಿ ಜೀವ ಕೆಡಿಸುವುದುಂಟು. ಆದರೂ ನಾವು ನಗುವುದು ಮೊದಲನೆಯದನ್ನು ಕಂಡು.

ಒಂದೇ ಹುಡುಗನ ಕೋಣೆಯಲ್ಲಿ ಈ ಎರಡೂ ಇರಬಹುದು. ಕೆಲಸದ ಸಂದರ್ಶನಕ್ಕೆ, ಹೆಣ್ಣು ನೋಡಲು ಹೋಗುವುದಕ್ಕೆ ಒಂದು. ಸ್ಪರ್ಧೆಯ ರಾತ್ರಿಗೆ ಇನ್ನೊಂದು. ಹುಟ್ಟಾ ಕಪ್ಪಗಿರುವ ಹುಡುಗನಾದರೂ ಬಾಟಲಿಯಿಂದ ತಪ್ಪಿಸಿಕೊಳ್ಳಲಾರ. ಅವನ ಮೈಬಣ್ಣ ಎಲ್ಲ ಕಡೆ ಸಮನಾಗಿರುವುದಿಲ್ಲ, ಅಂಗಿಯ ತೋಳು ಮುಚ್ಚಿದಲ್ಲಿ ತಿಳಿ, ಬಿಸಿಲು ತಾಗಿದಲ್ಲಿ ಗಾಢ. ಸಮನಾಗಿಸಲು ಅವನೂ ಲೇಪ ಹಾಕಬೇಕು. ಅಂದರೆ ವೇದಿಕೆ ಒಪ್ಪಿದ್ದು ಅವನ ಬಣ್ಣವನ್ನಲ್ಲ, ಬಾಟಲಿಯ ಬಣ್ಣವನ್ನು. ದೇಹದಾರ್ಢ್ಯದ ಅಂತಾರಾಷ್ಟ್ರೀಯ ಒಕ್ಕೂಟವಾದ ಐಎಫ್‌ಬಿಬಿಯ ನಿಯಮದಲ್ಲಿ, ಒರೆಸಿದರೆ ಕೈಗೆ ಹತ್ತುವ ಬಣ್ಣ ನಿಷಿದ್ಧ. ಅಂಥದ್ದನ್ನು ಹಚ್ಚಿದವನು ವೇದಿಕೆ ಹತ್ತುವ ಮೊದಲು ಅದನ್ನು ತೆಗೆಯಬೇಕು. ಸುಳ್ಳು ಬಣ್ಣವಾದರೂ ನಿಜದಂತೆ ಅಂಟಿಕೊಂಡಿರಬೇಕು ಎಂಬ ಈ ನಿಯಮ ಕ್ರೀಡೆಗಿಂತ ನಮ್ಮ ಸಮಾಜಕ್ಕೇ ಹೆಚ್ಚು ಹೊಂದುತ್ತದೆ.

ನಮ್ಮ ಗರಡಿಮನೆಯಲ್ಲೂ ಮೈಗೆ ಬಣ್ಣ ಹತ್ತುತ್ತಿತ್ತು. ಅದು ಕೆಮ್ಮಣ್ಣಿನದು. ಯಾರೂ ನೋಡಲೆಂದು ಹಚ್ಚಿದ್ದಲ್ಲ, ಎದುರಾಳಿಯ ಹಿಡಿತದಲ್ಲಿ ಹೊರಳಿದಾಗ ಹತ್ತಿದ್ದು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದ ಕೆ.ವಿ. ಅಯ್ಯರ್ ಕಬ್ಬಿಣದ ಜೊತೆಗೆ ಯೋಗಾಸನವನ್ನೂ ಕಲಿಸಿದರು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನೂ ಬರೆದರು. ದೇಹ ಕಟ್ಟುವವನು ರೂಪದ ಬಗ್ಗೆ ಯೋಚಿಸಲೂಬಲ್ಲ ಎಂಬುದಕ್ಕೆ ಕನ್ನಡದಲ್ಲೇ ಉದಾಹರಣೆಯಿದೆ. ಇಂದಿನ ಜಿಮ್ಮುಗಳು ಹುಡುಗರಿಗೆ ಕನ್ನಡಿಯನ್ನು ಮಾತ್ರ ಕೊಟ್ಟಿವೆ. ಕನ್ನಡಿಯಲ್ಲಿ ಕಾಣುವುದನ್ನು ಪ್ರಶ್ನಿಸುವ ಮಾತನ್ನು ಕೊಟ್ಟಿಲ್ಲ.

ಆದರೂ ಮನೆಯಲ್ಲಿ ಹಚ್ಚುವ ಈ ಬಣ್ಣದಲ್ಲಿ ಒಂದು ಒಳ್ಳೆಯ ಸಂಗತಿಯಿದೆ. ದೇಹದಾರ್ಢ್ಯ ಪಟು ತನ್ನ ಮೈಯನ್ನು ತಾನೇ ಕಟ್ಟಿದವನೆಂದು ಹೆಮ್ಮೆಪಡುತ್ತಾನೆ. ಅವನ ಕೈ ಅವನ ಬೆನ್ನಿಗೆ ಮುಟ್ಟುವುದಿಲ್ಲ. ಸ್ಪಂಜು ಹಿಡಿಯಲು ಗೆಳೆಯನೋ ತಮ್ಮನೋ ಬೇಕು. ಕೆಲವು ಮನೆಗಳಲ್ಲಿ ತಾಯಿಯೇ ಹಚ್ಚುತ್ತಾಳೆ. ಕೂಸಾಗಿದ್ದಾಗ ಬೆಳ್ಳಗಾಗಲೆಂದು ಕಡಲೆಹಿಟ್ಟು ಉಜ್ಜಿದ್ದ ಕೈಯೇ ಈಗ ಆ ಬೆನ್ನನ್ನು ಕಪ್ಪಾಗಿಸುತ್ತದೆ. ಆ ತಾಯಿಗೆ ಮಗನ ಬಣ್ಣ ಅಂದೂ ಕೊರತೆಯಾಗಿರಲಿಲ್ಲ, ಇಂದೂ ಅಲ್ಲ. ಅಂದು ಊರಿನ ಕಣ್ಣಿಗಾಗಿ ಉಜ್ಜಿದಳು, ಇಂದು ತೀರ್ಪುಗಾರರ ಕಣ್ಣಿಗಾಗಿ ಹಚ್ಚುತ್ತಿದ್ದಾಳೆ.

ಬದಲಾಗಬೇಕಾದದ್ದು ಆ ಕಣ್ಣು. ದುಡಿದ ದೇಹದ ಪ್ರತಿ ಗೆರೆಯನ್ನೂ ತೋರಿಸುವ ಬಣ್ಣ ಕಪ್ಪು ಎಂದು ಈ ಕ್ರೀಡೆ ದಶಕಗಳಿಂದ ಒಪ್ಪಿಕೊಂಡಿದೆ. ವೇದಿಕೆಯ ಮೇಲೆ ಒಪ್ಪಿದ್ದನ್ನು ಮದುವೆಯ ಮಾತುಕತೆಯಲ್ಲಿ, ಕೆಲಸ ಕೊಡುವ ಕಚೇರಿಯಲ್ಲಿ, ಶಾಲೆಯ ಬೆಂಚಿನಲ್ಲಿ ಒಪ್ಪಲು ನಮಗೆ ಯಾವ ಬೆಳಕು ಬೇಕು? ಸ್ಪರ್ಧೆಯ ಹುಡುಗ ವಾರದೊಳಗೆ ತನ್ನ ಕಪ್ಪನ್ನು ತೊಳೆದುಕೊಳ್ಳುತ್ತಾನೆ. ಅವನ ಪಕ್ಕದ ಮನೆಯ ಹುಡುಗಿ ತನ್ನದನ್ನು ತೊಳೆದುಕೊಳ್ಳಲಾರಳು, ತೊಳೆದುಕೊಳ್ಳಬೇಕಾಗಿಯೂ ಇಲ್ಲ. ಅಷ್ಟನ್ನು ಅವಳಿಗೆ ನಂಬಿಕೆಯಾಗುವಂತೆ ಹೇಳಲು ನಮಗೆ ಸಾಧ್ಯವಾಗದಿದ್ದರೆ, ಬಣ್ಣ ಬಳಿದುಕೊಂಡು ನಿಂತವನನ್ನು ಕಂಡು ನಗುವ ಹಕ್ಕು ನಮಗಿಲ್ಲ.